ಸಿಇಟಿಗೆ ಇದರಿಂದ ಎಷ್ಟು ಮಾರ್ಕು?

ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದ ಮಗಳನ್ನು ಬೇಸಿಗೆ ರಜೆಯಲ್ಲಿ ಇಂಜಿನಿಯರಿಂಗ್ ಕಾಲೇಜಿನ ಶಿಬಿರಕ್ಕೆ ಕಳಿಸುತ್ತೇವೆ ಎಂದಾಗ, ನಾನು ಕೆಲಸ ಮಾಡುವ ಉಡುಪಿಯ ಸೊಸೈಟಿಯಲ್ಲಿ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ. "ಅದರಿಂದ ಸಿಇಟಿಗೆ ಎಷ್ಟು ಮಾರ್ಕು ಸಿಗ್ತದೆ?"

ಒಂದೂ ಸಿಗುವುದಿಲ್ಲ. ಸಿಇಟಿಯ ಇಂಜಿನಿಯರಿಂಗ್ ರ‍್ಯಾಂಕಿಗೆ ದ್ವಿತೀಯ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಗಳಿಂದ ಅರ್ಧ, ಸಿಇಟಿ ಅಂಕಗಳಿಂದ ಅರ್ಧ. ಸುರತ್ಕಲ್ಲಿನ ಎನ್‌ಐಟಿಕೆ ಬೇಕೆಂದರೆ ಜೆಇಇ ಮೈನ್ ರ‍್ಯಾಂಕ್. ಶಿಬಿರದ ಸರ್ಟಿಫಿಕೇಟನ್ನು ತೋರಿಸಲು ಈ ಎರಡು ದಾರಿಯಲ್ಲೂ ಒಂದು ಕೌಂಟರ್ ಇಲ್ಲ. ಇದು ಗೊತ್ತಿದ್ದೇ ಕಳಿಸಿದೆವು. ನಮಗೆ ಬೇಕಾದದ್ದು ಬೇರೆಯೇ ಇತ್ತು.

ಜೂನ್ ಬರುವುದರೊಳಗೆ ಪಿಯು ಕಾಲೇಜಿನಲ್ಲಿ ಪಿಸಿಎಂಬಿಯೋ ಪಿಸಿಎಂಸಿಯೋ, ಅಂದರೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಜೊತೆ ಜೀವಶಾಸ್ತ್ರವೋ ಕಂಪ್ಯೂಟರ್ ಸೈನ್ಸೋ ಎಂದು ಹೇಳಬೇಕಿತ್ತು. ನನ್ನದು ಪಿಸಿಎಂಬಿ ಪಕ್ಷ. ಜೀವಶಾಸ್ತ್ರ ಇದ್ದರೆ ನೀಟ್ ಕೂಡ ಬರೆಯಬಹುದಲ್ಲ, ಎರಡು ಬಾಗಿಲು ತೆರೆದಿರಲಿ ಅಂತ. ಮಗಳಿಗೆ ಜೀವಶಾಸ್ತ್ರ ಎಂದರೆ ಆಗದು, ಆದರೆ "ಮತ್ತೆ ಎಂತ ಬೇಕು?" ಎಂದರೆ "ಇಂಜಿನಿಯರಿಂಗ್" ಎನ್ನುವುದು ಬಿಟ್ಟರೆ ಅವಳ ಹತ್ತಿರವೂ ಉತ್ತರ ಇರಲಿಲ್ಲ. ನಮ್ಮ ಬೀದಿಯಲ್ಲಿ ಮನೆಗೊಬ್ಬರು ಇಂಜಿನಿಯರ್ ಇದ್ದಾರೆ, ಎಲ್ಲರೂ ಬೆಂಗಳೂರಿನಲ್ಲಿ. ಹಬ್ಬಕ್ಕೆ ಬಂದಾಗ ಜಗಲಿಯಲ್ಲಿ ಲ್ಯಾಪ್‌ಟಾಪ್ ಬಿಡಿಸಿ ಕೂರುವುದನ್ನು ನೋಡಿದ್ದಾಳೆ, ಅಷ್ಟೆ. "ಅವರು ಇಡೀ ದಿನ ಎಂತ ಮಾಡುವುದಮ್ಮ?" ಎಂದು ಒಮ್ಮೆ ಕೇಳಿದಳು. ನನಗೂ ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ಯಂತ್ರ, ತಂತಿ ಎಂದು ಕೈ ಕೊಳೆ ಮಾಡಿಕೊಂಡವರು ಮಾವ ಒಬ್ಬರೇ. ಕೆಇಬಿಯಲ್ಲಿ ಲೈನ್‌ಮ್ಯಾನ್ ಆಗಿ ಸೇರಿ, ಮೆಸ್ಕಾಂ ಆದ ಮೇಲೆ ನಿವೃತ್ತರಾದವರು. ಅವರನ್ನು ಯಾರೂ ಇಂಜಿನಿಯರ್ ಎಂದು ಕರೆದಿಲ್ಲ.

ಹುಡುಕುವುದಕ್ಕೆ ಕಷ್ಟವೇನಿಲ್ಲ. ಏಪ್ರಿಲ್ ಬರುವುದರೊಳಗೆ ವಾಟ್ಸಾಪ್ ತುಂಬಾ ಪೋಸ್ಟರ್. ರೋಬೋಟಿಕ್ಸ್, ಡ್ರೋನ್, ಎಐ, ಕೆಳಗೊಂದು ಕ್ಯೂಆರ್ ಕೋಡ್. ಒಂದು ಪೋಸ್ಟರಿನಲ್ಲಿ ದೊಡ್ಡ ಕಾಲೇಜೊಂದರ ಕಟ್ಟಡದ ಫೋಟೊ ಇತ್ತು, ನಂಬರ್ ಮಾತ್ರ ಬೆಂಗಳೂರಿನ ಯಾವುದೋ ಕಂಪನಿಯದ್ದು. ಸಂಶಯ ಬಂದು ನೇರ ಕಾಲೇಜಿನ ಆಫೀಸಿಗೇ ಫೋನ್ ಮಾಡಿದೆ. ಆ ಕಡೆಯ ಹೆಂಗಸು ಪಾಪ, ಸತ್ಯವನ್ನೇ ಹೇಳಿದರು: "ನಾವು ಹಾಲ್ ಮಾತ್ರ ಕೊಟ್ಟದ್ದು ಮೇಡಂ. ಕಲಿಸುವವರು ಅವರೇ." ಹಾಗೆಂದರೆ ಲ್ಯಾಬ್ ಇಲ್ಲ, ವರ್ಕ್‌ಶಾಪ್ ಇಲ್ಲ, ಕಾಲೇಜಿನ ಮೇಷ್ಟ್ರುಗಳಿಲ್ಲ, ಮಕ್ಕಳು ಎಸಿ ಹಾಲಿನಲ್ಲಿ ಕೂತು ಪೆಟ್ಟಿಗೆಯಲ್ಲಿ ಬಂದ ಪ್ಲಾಸ್ಟಿಕ್ ಕಾರು ಜೋಡಿಸುವುದು. ಅದನ್ನು ಉಡುಪಿಯಲ್ಲೇ ಕೂತು ಮಾಡಬಹುದು.

ನನ್ನ ನಾದಿನಿ ನ್ಯೂಜೆರ್ಸಿಯಲ್ಲಿದ್ದಾಳೆ, ಅವಳ ಮಗ ನಮ್ಮವಳಿಗಿಂತ ದೊಡ್ಡವ. ಅಲ್ಲಿ ಈ ಬೇಸಿಗೆ ಕೋರ್ಸುಗಳದ್ದೇ ಒಂದು ಲೋಕವಂತೆ. ಕಾಲೇಜಿಗೆ ಅರ್ಜಿ ಹಾಕುವಾಗ ಅಂಕದ ಜೊತೆಗೆ ಪ್ರಬಂಧ, ಶಿಕ್ಷಕರ ಪತ್ರ, ರಜೆಯಲ್ಲಿ ಏನು ಮಾಡಿದೆ ಎನ್ನುವುದೆಲ್ಲ ನೋಡುತ್ತಾರಾದ್ದರಿಂದ ಅಪ್ಪ-ಅಮ್ಮಂದಿರು ಚಳಿಗಾಲದಿಂದಲೇ ಓಡಾಡುತ್ತಾರೆ. ಮ್ಯಾಸಚೂಸೆಟ್ಸ್‌ನ ಎಂಐಟಿಯಲ್ಲಿ ಎಂಐಟಿಇಎಸ್ ಎಂದೊಂದು, 1984ರಿಂದ ನಡೆಯುತ್ತಿರುವ ರಿಸರ್ಚ್ ಸೈನ್ಸ್ ಇನ್‌ಸ್ಟಿಟ್ಯೂಟ್ ಎಂದೊಂದು. ಎರಡೂ ಆರು ವಾರದವು. ಆಯ್ಕೆಯಾಗುವುದು ಬಲು ಕಷ್ಟ, ಆದರೆ ಆದವರಿಗೆ ಕಲಿಕೆ, ಊಟ, ವಸತಿ ಎಲ್ಲ ಪುಕ್ಕಟೆ. (ಎಂಐಟಿ ಎಂದ ಕೂಡಲೇ ಮಾವ "ಮಣಿಪಾಲದಲ್ಲೇ ಉಂಟಲ್ಲ, ಅಷ್ಟು ದೂರ ಯಾಕೆ?" ಎಂದರು. ಅವರದೂ ತಪ್ಪಲ್ಲ, ನಮ್ಮ ಎಂಐಟಿ 1957ರಿಂದ ಇದೆ.) ಇನ್ನೊಂದು ಕಡೆ, ದೊಡ್ಡ ಹೆಸರಿನ ವಿಶ್ವವಿದ್ಯಾಲಯಗಳ ಕ್ಯಾಂಪಸ್ಸಿನಲ್ಲೇ ಸಾವಿರಾರು ಡಾಲರ್ ಶುಲ್ಕದ ಕೋರ್ಸುಗಳು. ಅದಕ್ಕೆ ಸೇರಿದರೆ ಮುಂದೆ ಅದೇ ಕಾಲೇಜಿನಲ್ಲಿ ಸೀಟು ಸಿಕ್ಕಿತೆಂದು ಅರ್ಥವಲ್ಲ.

"ಅತ್ತಿಗೆ, ಆರಿಸಿ ತೆಗೆದು ಪುಕ್ಕಟೆ ಕಲಿಸುವವರು ಒಂದು ಜಾತಿ, ದುಡ್ಡು ಕೊಟ್ಟವರನ್ನೆಲ್ಲ ಸೇರಿಸುವವರು ಇನ್ನೊಂದು ಜಾತಿ. ನಿಮಗೆ ಸಿಗುವುದು ಎರಡನೆಯದಾದರೆ ಹೆಸರು ನೋಡಬೇಡಿ, ಒಳಗೆ ಎಂತ ಉಂಟು ಕೇಳಿ" ಎಂದಳು ನಾದಿನಿ. ಇಡೀ ಹುಡುಕಾಟದಲ್ಲಿ ನನಗೆ ಸಿಕ್ಕಿದ ಉಪಯೋಗದ ಮಾತು ಇದು.

ಕೊನೆಗೆ ಮಂಗಳೂರಿನ ಹೊರಗಿನ ಒಂದು ಖಾಸಗಿ ಇಂಜಿನಿಯರಿಂಗ್ ಕಾಲೇಜು ಸಿಕ್ಕಿತು. ಹೆಸರು ಬೇಡ, ಮುಂದೆ ಸ್ವಲ್ಪ ದೂರುವುದೂ ಇದೆ. ಮೇ ತಿಂಗಳಲ್ಲಿ ಎರಡು ವಾರ, ಹಾಸ್ಟೆಲಿನಲ್ಲೇ ಇರುವುದು. ನಾನು ಫೋನಿನಲ್ಲಿ ಕೇಳಿದ್ದು: ಕಲಿಸುವವರು ಕಾಲೇಜಿನವರೇ? ಒಂದು ಕಿಟ್ಟಿಗೆ ಎಷ್ಟು ಮಕ್ಕಳು? ವರ್ಕ್‌ಶಾಪಿನಲ್ಲಿ ಮಕ್ಕಳ ಕೈಗೆ ಉಪಕರಣ ಕೊಡುತ್ತೀರೋ, ದೂರದಿಂದ ತೋರಿಸುವುದೋ? ರಾತ್ರಿ ಹುಡುಗಿಯರ ಹಾಸ್ಟೆಲಿನಲ್ಲಿ ವಾರ್ಡನ್ ಇರುತ್ತಾರೋ? ಆ ಪ್ರೊಫೆಸರ್ ಎರಡನೆಯದಕ್ಕೆ ಮಾತ್ರ ಸ್ವಲ್ಪ ಎಳೆದರು, "ಮೂರೋ ನಾಲ್ಕೋ" ಎಂದು. ಉಳಿದದ್ದಕ್ಕೆ ನೇರ ಉತ್ತರ ಕೊಟ್ಟರು. ಊಟ, ವಸತಿ ಸೇರಿ ಶುಲ್ಕ ನನ್ನ ಅರ್ಧ ತಿಂಗಳ ಸಂಬಳದಷ್ಟು. ಕಡಿಮೆಯೇನಲ್ಲ.

ಅರ್ಜಿಯಲ್ಲಿ ಒಂದು ಪ್ರಶ್ನೆ ನನಗೆ ಹಿಡಿಸಿತು. "ನಿಮ್ಮ ಮನೆಯಲ್ಲಿ ಕೆಟ್ಟುಹೋದ ಒಂದು ವಸ್ತುವಿನ ಬಗ್ಗೆ ಒಂದು ಪುಟ ಬರೆಯಿರಿ." ಮಗಳು ಮಿಕ್ಸಿಯ ಬಗ್ಗೆ ಬರೆದಳು. ಮೋಟಾರು ತಿರುಗುತ್ತದೆ, ಜಾರಿನ ಬ್ಲೇಡು ತಿರುಗುವುದಿಲ್ಲ, ನಡುವಿನ ಕಪ್ಲರಿನ ಹಲ್ಲು ಸವೆದಿದೆ, ಹೊಸತು ತರುವವರೆಗೆ ಅಮ್ಮ ದೋಸೆಗೆ ಕಲ್ಲಿನಲ್ಲಿ ಅರೆಯುತ್ತಿದ್ದಾರೆ, ಬೈಯುತ್ತಿದ್ದಾರೆ ಅಂತ. ಕೊನೆಯದನ್ನು ತೆಗೆ ಎಂದರೂ ತೆಗೆಯಲಿಲ್ಲ.

ಅರ್ಜಿಗಿಂತ ತಲೆನೋವಾದದ್ದು ಬ್ರಿಜ್ ಕೋರ್ಸ್. ಇದು ಗೊತ್ತಿಲ್ಲದವರಿಗೆ ಹೇಳುತ್ತೇನೆ: ನಮ್ಮ ಕರಾವಳಿಯ ಅನೇಕ ಪಿಯು ಕಾಲೇಜುಗಳಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಬರುವ ಮೊದಲೇ ಸೀಟು ಕಾದಿರಿಸಿ, ರಜೆಯಲ್ಲೇ ಪಿಯುಸಿ ಪಾಠ ಶುರು ಮಾಡುತ್ತಾರೆ. ಮಕ್ಕಳಿಗೆ ಮಾವಿನಕಾಯಿ ಕೊಯ್ಯಲೂ ಪುರುಸೊತ್ತಿಲ್ಲ. "ಶಿಬಿರಕ್ಕೆ ಹೋದರೆ ಜೆಇಇ ಬ್ಯಾಚಿನಲ್ಲಿ ಹಿಂದೆ ಬೀಳ್ತಾಳೆ" ಎಂದು ಕೌಂಟರಿನಲ್ಲಿ ಹೆದರಿಸಿದರು. ನಮ್ಮ ಮನೆಯವರು ಮಾತು ಕಡಿಮೆಯವರು, ಆ ದಿನ ಮಾತ್ರ "ಹದಿನೈದು ವರ್ಷದ ಹುಡುಗಿ ಮೇ ತಿಂಗಳಲ್ಲಿ ಹಿಂದೆ ಬೀಳುವಂಥದ್ದು ಎಂತ ಉಂಟು ಸಾರ್?" ಎಂದು ಕೇಳಿ ಒಪ್ಪಿಗೆ ತೆಗೆದುಕೊಂಡೇ ಬಂದರು.

ಶಿಬಿರದ ಮೊದಲ ದಿನಗಳ ಫೋನಿನಲ್ಲಿ ದೂರು ಮಾತ್ರ. ಸೆಕೆ. ಮೆಸ್ಸಿನಲ್ಲಿ ಬರೀ ಬೆಳ್ತಿಗೆ ಅನ್ನ, ಕುಚ್ಚಲಕ್ಕಿ ಇಲ್ಲ. ಕೈಯಲ್ಲಿ ಬೊಕ್ಕೆ. ಬೊಕ್ಕೆ ಎಂದಾಗ ನಾನು ಗಾಬರಿಯಾದೆ. ಅವಳಿಗೆ ಅದೇ ಹೆಮ್ಮೆ. ಕಂಪ್ಯೂಟರ್, ರೋಬೋಟ್ ಎಂದು ಕನಸು ಕಟ್ಟಿ ಹೋದ ಮಕ್ಕಳನ್ನು ಮೊದಲು ನಿಲ್ಲಿಸಿದ್ದು ಫಿಟ್ಟಿಂಗ್ ವಿಭಾಗದಲ್ಲಿ. ಪ್ರತಿಯೊಬ್ಬರಿಗೂ ಒಂದು ಕಬ್ಬಿಣದ ಪಟ್ಟಿ, ಒಂದು ಅರ. ವೈಸಿನಲ್ಲಿ ಬಿಗಿದು ನಾಲ್ಕು ಅಂಚನ್ನೂ ಉಜ್ಜಿ ಚೌಕ ಮಾಡಬೇಕು. ಅಲ್ಲಿನ ಇನ್‌ಸ್ಟ್ರಕ್ಟರ್ ಐಟಿಐ ಕಲಿತು ಬಂದ ಹಿರಿಯರು. ಮಕ್ಕಳು "ಆಯ್ತು ಸಾರ್" ಎಂದು ತಂದರೆ ಬಾಯಿಯಲ್ಲಿ ಏನೂ ಹೇಳುವುದಿಲ್ಲವಂತೆ. ಪಟ್ಟಿಯ ಮೂಲೆಗೆ ಮೂಲೆಮಟ್ಟ ಇಟ್ಟು, ಕಿಟಕಿಯ ಕಡೆ ಎತ್ತಿ ಹಿಡಿದು, ಮಗುವಿಗೇ ತೋರಿಸುವುದು. ಉಕ್ಕಿನ ಅಲಗಿಗೂ ಪಟ್ಟಿಗೂ ನಡುವೆ ಕೂದಲೆಳೆಯಷ್ಟು ಬೆಳಕು ಕಂಡರೆ, ಪುನಃ ವೈಸಿಗೆ. ಒಂದು ಕಡೆ ಸರಿ ಮಾಡಲು ಹೋದರೆ ಇನ್ನೊಂದು ಕಡೆ ಬೆಳಕು. ಕಣ್ಣಿಗೆ ನೇರ ಕಾಣುವುದು ನೇರವೇ ಅಲ್ಲ ಎನ್ನುವುದು ಹತ್ತು ವರ್ಷ ರೇಖಾಗಣಿತ ಓದಿದವಳಿಗೆ ಅಲ್ಲಿ ಗೊತ್ತಾಯಿತು.

ಬೆಸುಗೆ ಹಾಕಲು ಕಲಿಸಿದರು. ತವರದ ತಂತಿಯನ್ನು ಐರನ್ನಿಗೆ ಮುಟ್ಟಿಸಿ ಕರಗಿಸಿ ಅಂಟಿಸುವುದಲ್ಲ, ಸೇರಿಸಬೇಕಾದ ಜಾಗವನ್ನೇ ಬಿಸಿ ಮಾಡಿ ತವರ ಅಲ್ಲಿ ತಾನಾಗಿ ಹರಿಯುವಂತೆ ಮಾಡುವುದು. ಸರಿಯಾದ ಬೆಸುಗೆ ಹೊಳೆಯುತ್ತದೆ, ಕೆಟ್ಟದ್ದು ಮಂಕಾಗಿ ಗಂಟು ಕಟ್ಟುತ್ತದೆ. ಆರ್ಡುಯಿನೋ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿನಲ್ಲಿ ಎಲ್‌ಇಡಿ ಉರಿಸಿದರು, ಎರಡು ಚಕ್ರದ ಗಾಡಿ ಕಪ್ಪು ಗೆರೆಯ ಮೇಲೆ ಓಡಿತು. ಕಿಟ್ಟು ಮಾತ್ರ ಐವರಿಗೆ ಒಂದು, ಮೂರೋ ನಾಲ್ಕೋ ಎಂದವರು ಕೊನೆಗೆ ಅಷ್ಟಕ್ಕೆ ತಂದರು. ಐವರಲ್ಲಿ ಇಬ್ಬರು ಹುಡುಗರು ಲ್ಯಾಪ್‌ಟಾಪ್ ಬಿಟ್ಟುಕೊಡದೆ ಕೂತಿದ್ದರಿಂದ ಕೋಡ್ ಬರೆಯುವುದು ಅವಳಿಗೆ ಸಿಗಲೇ ಇಲ್ಲ. ಬೇರೆ ಯಾವುದಕ್ಕಿಂತ ಇದು ನನಗೆ ಸಿಟ್ಟು ತರಿಸಿತು. ದುಡ್ಡು ಎಲ್ಲರೂ ಒಂದೇ ಕೊಟ್ಟದ್ದಲ್ಲವೇ?

ಎರಡನೇ ವಾರ ಐಸ್‌ಕ್ರೀಮ್ ಕಡ್ಡಿಯ ಸೇತುವೆ. ಎಲ್ಲ ತಂಡಕ್ಕೂ ಒಂದೇ ಲೆಕ್ಕದ ಕಡ್ಡಿ, ಒಂದೊಂದು ಡಬ್ಬ ಫೆವಿಕಾಲ್, ಅರ್ಧ ಮೀಟರ್ ಅಂತರ. ಯಾರ ಸೇತುವೆ ತನ್ನ ತೂಕದ ಎಷ್ಟು ಪಟ್ಟು ಭಾರ ಹೊರುತ್ತದೆ ಎಂಬುದು ಲೆಕ್ಕ. ನಮ್ಮವಳ ತಂಡದಲ್ಲಿ ಪುತ್ತೂರು, ಕಾರ್ಕಳ, ಕಾಸರಗೋಡಿನ ಮಕ್ಕಳು. ತ್ರಿಕೋನ ಗಟ್ಟಿ ಎಂದು ಪಾಠ ಆಗಿತ್ತು, ತ್ರಿಕೋನಗಳಾಗಿ ಚೆಂದಕ್ಕೆ ಜೋಡಿಸಿ ರಾತ್ರಿ ಮೇಜಿನ ಮೇಲಿಟ್ಟು ಮಲಗಿದರು. ಬೆಳಿಗ್ಗೆ ನೋಡಿದರೆ ಸಂದುಗಳೆಲ್ಲ ಜಾರಿ ಸೇತುವೆ ವಾಲಿಕೊಂಡಿದೆ. ಮೇ ತಿಂಗಳ ಮಂಗಳೂರು; ತೊಳೆದು ಹಾಕಿದ ಬಟ್ಟೆಯೇ ನೆರಳಿನಲ್ಲಿ ಒಣಗದು, ನೀರಿನಂಶ ಆರಿದರೆ ಮಾತ್ರ ಹಿಡಿಯುವ ಅಂಟು ಒಣಗುವುದುಂಟೆ? ಕಾರ್ಕಳದ ಹುಡುಗಿಗೆ ಉಪಾಯ ಹೊಳೆದು, ಹಾಸ್ಟೆಲಿನ ಹಗ್ಗದಿಂದ ಬಟ್ಟೆ ಕ್ಲಿಪ್ಪುಗಳನ್ನೆಲ್ಲ ಕಿತ್ತು ತಂದು ಪ್ರತಿ ಸಂದಿಗೂ ಒಂದೊಂದು ಕಚ್ಚಿಸಿ, ಫ್ಯಾನಿನ ಕೆಳಗೆ ಇಟ್ಟರಂತೆ. ವಾರ್ಡನ್ ಬೈದದ್ದು ಬೇರೆ.

ಕೊನೆಯ ದಿನದ ಪರೀಕ್ಷೆಗೆ ನಾವೂ ಹೋಗಿದ್ದೆವು. ಎರಡು ಬೆಂಚಿನ ನಡುವೆ ಸೇತುವೆ, ಅದರ ನಡುಮಧ್ಯಕ್ಕೆ ಕೊಕ್ಕೆ, ಕೊಕ್ಕೆಗೆ ಬಾಲ್ದಿ. ಬಾಲ್ದಿಗೆ ಮಗ್ಗಿನಲ್ಲಿ ಮರಳು ಹಾಕುತ್ತಾ ಹೋಗುವುದು. ನಮ್ಮವರ ಸೇತುವೆ ನೋಡಲು ಎಲ್ಲಕ್ಕಿಂತ ಸೊಗಸಾಗಿತ್ತು, ಎತ್ತರವೂ ಇತ್ತು. ಅರ್ಧ ಬಾಲ್ದಿ ತುಂಬುವವರೆಗೆ ಅಲ್ಲಾಡಲಿಲ್ಲ. ಆಮೇಲೆ ಮೇಲಿನ ಸಾಲು ಮೆಲ್ಲಗೆ ಪಕ್ಕಕ್ಕೆ ಬಾಗತೊಡಗಿತು. ಕೆಳಕ್ಕಲ್ಲ, ಪಕ್ಕಕ್ಕೆ. ಮಗಳು "ಸಾಕು, ಸಾಕು" ಎನ್ನುತ್ತಿದ್ದಂತೆ ಇನ್ನೊಂದು ಮಗ್ಗು ಬಿತ್ತು, ಪಟಪಟ ಎಂದು ಮುರಿದು ಮರಳೆಲ್ಲ ನೆಲಕ್ಕೆ. ಗೆದ್ದದ್ದು ಕಾಗೆ ಗೂಡಿನಂತೆ ಅಡ್ಡಾದಿಡ್ಡಿ ಕಡ್ಡಿ ಹೊಡೆದಿದ್ದ ಒಂದು ಕುಳ್ಳ ಸೇತುವೆ.

ಸಿವಿಲ್ ವಿಭಾಗದ ಮೇಡಂ ಒಬ್ಬರು ಮುರಿದ ತುಂಡುಗಳನ್ನು ಹೆಕ್ಕಿ ಮಕ್ಕಳ ಮುಂದೆ ಹರಡಿದರು. ಕೆಳಗಿನ ಸಾಲಿನ ಕಡ್ಡಿಗಳು ಹಾಗೇ ಇದ್ದವು. ಸೇತುವೆಯ ಮೇಲೆ ಭಾರ ಬಿದ್ದಾಗ ಕೆಳಸಾಲು ಎಳೆಯಲ್ಪಡುತ್ತದೆ, ಮೇಲ್ಸಾಲು ಒತ್ತಲ್ಪಡುತ್ತದೆ. ಎಳೆದರೆ ಕಡ್ಡಿ ಸುಲಭಕ್ಕೆ ತುಂಡಾಗುವುದಿಲ್ಲ, ಒತ್ತಿದರೆ ಪಕ್ಕಕ್ಕೆ ಬಳುಕಿ ಓಡುತ್ತದೆ. ಒತ್ತಡದಲ್ಲಿರುವ ಕಡ್ಡಿಯ ಉದ್ದ ಎರಡು ಪಟ್ಟಾದರೆ, ಬಳುಕದೆ ಅದು ತಾಳುವ ಭಾರ ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ಆಯ್ಲರ್ ಎಂಬ ಗಣಿತಜ್ಞ 18ನೇ ಶತಮಾನದಲ್ಲೇ ಕಂಡುಕೊಂಡ ಲೆಕ್ಕ ಇದು. ನಮ್ಮವರು ಎರಡು ಪಕ್ಕದ ಚೌಕಟ್ಟನ್ನು ಚೆಂದ ಮಾಡಿದ್ದರು, ಆದರೆ ಅವೆರಡರ ತಲೆಯನ್ನು ಒಂದಕ್ಕೊಂದು ಅಡ್ಡ ಕಟ್ಟಿರಲಿಲ್ಲ. ಗೆದ್ದವರ ಅಡ್ಡಾದಿಡ್ಡಿ ಕಡ್ಡಿಗಳು ಮಾಡಿದ್ದು ಅದನ್ನೇ. ಮೇಡಂ ಪಾಠ ಹದಿನೈದು ನಿಮಿಷದ್ದೂ ಇರಲಿಲ್ಲ, ಆದರೆ ಮುರಿದ ಕಡ್ಡಿ ಕೈಯಲ್ಲಿ ಹಿಡಿದುಕೊಂಡ ಮಕ್ಕಳು ಕೇಳುತ್ತಿದ್ದ ರೀತಿ ನೋಡಬೇಕಿತ್ತು. ಕೊಟ್ಟ ಶುಲ್ಕ ನನ್ನ ಮಟ್ಟಿಗೆ ಅಲ್ಲಿಗೆ ವಸೂಲಾಯಿತು.

ಅಲ್ಲಿಗೇ ಬಿಟ್ಟಿದ್ದರೆ ಚೆನ್ನಾಗಿತ್ತು. ಸಮಾರೋಪ ಎಂದು ಹೆತ್ತವರನ್ನೆಲ್ಲ ಸಭಾಂಗಣದಲ್ಲಿ ಕೂರಿಸಿದರು. ಹಾರ, ಸ್ವಾಗತ, ಪ್ರಾಸ್ತಾವಿಕ ಎಲ್ಲ ಮುಗಿದ ಮೇಲೆ ಕೋಟು ಹಾಕಿದ ಒಬ್ಬರು ಎದ್ದು, ಭವಿಷ್ಯದ ಎಐ ಜಗತ್ತು ಎಂದು ಶುರು ಮಾಡಿ, ತಮ್ಮ ಕೋಚಿಂಗ್ ಪ್ಯಾಕೇಜಿಗೆ ಇವತ್ತೇ ದುಡ್ಡು ಕಟ್ಟಿದರೆ ರಿಯಾಯಿತಿ ಎನ್ನುವಲ್ಲಿಗೆ ಮುಗಿಸಿದರು. ಮಕ್ಕಳ ಫೋನ್ ನಂಬರ್ ಅವರಿಗೆ ಯಾರು ಕೊಟ್ಟರೋ, ತಿಂಗಳುಗಟ್ಟಲೆ ಕರೆ ಬಂತು. ಕಳಿಸುವವರು ಇದನ್ನೂ ಮೊದಲೇ ಕೇಳಿಕೊಳ್ಳಿ: ನಮ್ಮ ನಂಬರ್ ಹೊರಗಿನವರಿಗೆ ಹೋಗುತ್ತದೆಯೋ ಅಂತ.

ಉಡುಪಿಗೆ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ವಾಪಸು ಬರುವಾಗ ಕಿಟಕಿ ಬದಿ ಅವಳದ್ದೇ. ಸುರತ್ಕಲ್ ದಾಟುವಾಗ ಇವರು ಎನ್‌ಐಟಿಕೆ ತೋರಿಸಿ "ನಮ್ಮ ಕಾಲದಲ್ಲಿ ಇದು ಕೆಆರ್‌ಇಸಿ, ಇಲ್ಲಿ ಸೀಟು ಸಿಕ್ಕಿದವ ಊರಿಗೇ ಹೀರೋ" ಎಂದು ಹೇಳುತ್ತಿದ್ದರು. 1960ರಲ್ಲಿ ಶುರುವಾದ ಕಾಲೇಜು, 2002ರಲ್ಲಿ ಎನ್‌ಐಟಿ ಆದದ್ದು. ಅವಳ ಕಿವಿ ಅಲ್ಲಿರಲಿಲ್ಲ. ಪಡುಬಿದ್ರಿ ಕಡೆ, ನಂದಿಕೂರಿನ ಆ 1200 ಮೆಗಾವ್ಯಾಟ್ ಸ್ಥಾವರದ ಹೈಟೆನ್ಶನ್ ಟವರುಗಳು ಕಂಡ ಕೂಡಲೇ ನನ್ನ ಮೊಣಕೈ ತಿವಿದಳು. "ಅಮ್ಮ, ನೋಡು, ಒಂದೂ ಉದ್ದದ ಕಬ್ಬಿಣವನ್ನು ಸುಮ್ಮನೆ ಬಿಟ್ಟಿಲ್ಲ. ನಡುನಡುವೆ ಹೇಗೆ ಕಟ್ಟಿದ್ದಾರೆ!" ದಿನಾ ಓಡಾಡುವ ದಾರಿ, ನಾನು ಒಮ್ಮೆಯೂ ನೋಡಿರಲಿಲ್ಲ. ಮನೆಯಲ್ಲಿ ಮಾವನಿಗೆ ಹೇಳಿದರೆ ಅವರು, "ಅದು ಹತ್ತಿದವನಿಗೆ ಗೊತ್ತುಂಟು, ಕಾಲಿಡಲಿಕ್ಕೆ ಆಗುವುದೂ ಅದರ ಮೇಲೆಯೇ" ಎಂದರು.

ಸಿಗದೆ ಹೋದ ಆ ಕೋಡಿಂಗನ್ನು ಮನೆಯಲ್ಲಿ ತೀರಿಸಿಕೊಂಡಳು. ಕೆಲವು ನೂರು ರೂಪಾಯಿಗೆ ಆರ್ಡುಯಿನೋ ಮಾದರಿಯ ಬೋರ್ಡ್ ತರಿಸಿ, ನಮ್ಮ ತಾರಸಿಯ ಟ್ಯಾಂಕಿಗೆ ನೀರು ತುಂಬಿದರೆ ಕೂಗುವ ಅಲಾರಂ ಮಾಡಿದಳು. ಟ್ಯಾಂಕಿನ ಬಾಯಿಯ ಹತ್ತಿರ ಎರಡು ತಾಮ್ರದ ತಂತಿ. ನೀರು ಎರಡನ್ನೂ ಮುಟ್ಟಿದರೆ ಕರೆಂಟು ಹರಿದು ಬೀಪ್. ಕೆಲವು ವಾರ ಚೆನ್ನಾಗಿ ಕೂಗಿತು. ಆಮೇಲೆ ಟ್ಯಾಂಕು ತುಂಬಿ ಹರಿದರೂ ಸದ್ದಿಲ್ಲ. ಮಾವ ಮೇಲೆ ಹತ್ತಿ ನೋಡಿ, "ನಿನ್ನ ಒಂದು ವಯರು ಹಸಿರಾಗಿ ಸವೆದು ಹೋಗಿದೆ, ಇನ್ನೊಂದು ಸರಿ ಉಂಟು. ಯಾಕೆ ಹೇಳು?" ಎಂದರು. ನೀರಿನೊಳಗೆ ಡಿಸಿ ಕರೆಂಟು ಒಂದೇ ದಿಕ್ಕಿನಲ್ಲಿ ಹರಿಯುತ್ತಲೇ ಇದ್ದರೆ ಧನ ಬದಿಯ ತಾಮ್ರ ಕರಗಿ ಹೋಗುತ್ತದೆ. ಹತ್ತನೇ ತರಗತಿಯ ವಿದ್ಯುದ್ವಿಭಜನೆಯ ಪಾಠವೇ ಇದು, ಅದರಲ್ಲಿ ಅವಳಿಗೆ ಪೂರ್ತಿ ಅಂಕ ಬಂದಿತ್ತು. ಈಗ ಕೋಡ್ ಬದಲಾಯಿಸಿದ್ದಾಳೆ: ಹತ್ತು ಸೆಕೆಂಡಿಗೊಮ್ಮೆ ಕ್ಷಣಕಾಲ ಮಾತ್ರ ಕರೆಂಟು ಬಿಟ್ಟು ನೋಡುವುದು. ತಾಮ್ರದ ಬದಲು ನನ್ನ ಎರಡು ಸ್ಟೀಲ್ ಚಮಚ ಟ್ಯಾಂಕಿನಲ್ಲಿ ನೇತಾಡುತ್ತಿವೆ.

ಬ್ರಿಜ್ ಕೋರ್ಸಿಗೆ ಹೋಗುವ ಮುನ್ನ ಒಂದು ರಾತ್ರಿ ಊಟದ ಹೊತ್ತಿಗೆ ಹೊಸ ವರಾತ ತೆಗೆದಳು. "ಪಿಯುಸಿ ಬೇಡ, ಡಿಪ್ಲೊಮಾ ಮಾಡ್ತೇನೆ." ಆ ಇನ್‌ಸ್ಟ್ರಕ್ಟರ್ ಹೇಳಿದ್ದಂತೆ: ಎಸ್ಸೆಸ್ಸೆಲ್ಸಿ ಆದ ಮೇಲೆ ಮೂರು ವರ್ಷ ಪಾಲಿಟೆಕ್ನಿಕ್, ಆಮೇಲೆ ಡಿಪ್ಲೊಮಾದವರ ಸಿಇಟಿಯಾದ ಡಿಸಿಇಟಿ ಬರೆದರೆ ನೇರ ಬಿಇ ಎರಡನೇ ವರ್ಷಕ್ಕೆ. ಕೈಕೆಲಸ ಮೊದಲ ದಿನದಿಂದಲೇ. ಮಾವ ಕೂಡಲೇ ಅವಳ ಪಕ್ಷ ಸೇರಿದರು. ಮಂಗಳೂರು ಕದ್ರಿಯ ಕೆಪಿಟಿ ಪಾಲಿಟೆಕ್ನಿಕ್ 1946ರಿಂದ ಇದೆ, ಅಲ್ಲಿ ಕಲಿತ ಎಷ್ಟೋ ಜನರ ಕೈಕೆಳಗೆ ತಾನು ಕೆಲಸ ಮಾಡಿದ್ದೇನೆ ಎಂದರು. ನನಗೆ ಎದೆ ಧಸಕ್ಕೆಂದಿತು. ಜನ ಏನೆನ್ನುತ್ತಾರೋ ಎನ್ನುವುದೇ ಮೊದಲು ಬಂದದ್ದು, ಸುಳ್ಳು ಯಾಕೆ ಹೇಳಲಿ. ಆದರೂ ಕೂತು ಲೆಕ್ಕ ಹಾಕಿದೆವು. ಪಿಯುಸಿ ಎರಡು, ಬಿಇ ನಾಲ್ಕು, ಒಟ್ಟು ಆರು ವರ್ಷ. ಡಿಪ್ಲೊಮಾ ಮೂರು, ಬಿಇ ಮೂರು, ಅದೂ ಆರೇ. ನಡುವಲ್ಲಿ ಬಿಟ್ಟರೂ ಕೈಯಲ್ಲಿ ಒಂದು ಕೆಲಸ. ವಿರುದ್ಧ ಹೇಳಲು ನನ್ನ ಹತ್ತಿರ ಗಟ್ಟಿ ಕಾರಣವೇ ಇರಲಿಲ್ಲ. ಕೊನೆಗೆ ನಿರ್ಧರಿಸಿದ್ದು ಅವಳೇ: ಎನ್‌ಐಟಿಕೆಗೆ ಒಂದು ಕೈ ನೋಡಬೇಕು, ಅದಕ್ಕೆ ಜೆಇಇ ಬೇಕು, ಜೆಇಇಗೆ ಪಿಯುಸಿ. ಪಿಸಿಎಂಸಿ ತೆಗೆದುಕೊಂಡಳು. ಜೀವಶಾಸ್ತ್ರದ ಮಾತನ್ನು ನಾನು ಮತ್ತೆ ಎತ್ತಲಿಲ್ಲ.

ಈಗ ಸೊಸೈಟಿಯಲ್ಲಿ ನನ್ನ ಪಕ್ಕದ ಕೌಂಟರಿನವರ ಮಗ ಒಂಬತ್ತನೇ ತರಗತಿ. ಅವನನ್ನೂ ಅದೇ ಶಿಬಿರಕ್ಕೆ ಹಾಕಲೋ ಎಂದು ಕೇಳಿದರು. ಅದನ್ನು ಆಮೇಲೆ ನೋಡುವ, ಮೊದಲು ಇಸ್ರೋದ ಯುವಿಕಾ ಎಂಬ ಶಿಬಿರಕ್ಕೆ ಅರ್ಜಿ ಹಾಕಿಸಿ ಎಂದೆ. 2019ರಲ್ಲಿ ಶುರುವಾದದ್ದು, ಒಂಬತ್ತನೇ ತರಗತಿಯವರಿಗೆ ಮಾತ್ರ, ಮೇ ತಿಂಗಳಲ್ಲಿ ಇಸ್ರೋ ಕೇಂದ್ರಗಳಲ್ಲೇ ಉಳಿಸಿ ಕಲಿಸುತ್ತಾರೆ, ಪ್ರಯಾಣದ ಖರ್ಚೂ ಅವರದ್ದೇ. ಎಂಟನೇ ತರಗತಿಯ ಅಂಕ ನೋಡುತ್ತಾರೆ, ಆನ್‌ಲೈನ್ ಕ್ವಿಜ್ ಇರುತ್ತದೆ, ಹಳ್ಳಿಯ ಶಾಲೆಯವರಿಗೆ ಹೆಚ್ಚಿನ ಅವಕಾಶ ಉಂಟು. ನಮಗೆ ಇದರ ಸುದ್ದಿ ಸಿಕ್ಕಿದ್ದು ಮಗಳು ಹತ್ತಕ್ಕೆ ಕಾಲಿಟ್ಟ ಮೇಲೆ. "ನಾಡಿದ್ದು ನೋಡ್ತೇನೆ" ಎಂದರು ಅವರು. ನಾಡಿದ್ದಲ್ಲ, ಹೊಸ ವರ್ಷ ಹುಟ್ಟಿದ ಕೂಡಲೇ ಇಸ್ರೋ ವೆಬ್‌ಸೈಟ್ ನೋಡುತ್ತಾ ಇರಿ ಎಂದು ಅವರ ಕ್ಯಾಲೆಂಡರಿನಲ್ಲಿ ನಾನೇ ಗುರುತು ಹಾಕಿ ಕೊಟ್ಟೆ.